ಸಕ್ಕರೆ ಕಾಯಿಲೆ: ಕಿವಿಯ ಕಡೆಗೂ ಗಮನವಿರಲಿ

ಅಪ್ಪ ದಿನೇ ದಿನೇ ಟೀವಿಯ ಸದ್ದು ಏರಿಸುತ್ತಿದ್ದಾರೆಯೇ? ಮಾತಾಡಿದರೆ ‘ಏನಂದೆ?’ ಎಂದು ಮತ್ತೆ ಮತ್ತೆ ಕೇಳುತ್ತಾರೆಯೇ? ವಯಸ್ಸಾಯಿತೆಂದು ನಕ್ಕು ಸುಮ್ಮನಾಗಬೇಡಿ. ಅವರಿಗೆ ಸಕ್ಕರೆ ಕಾಯಿಲೆಯಿದ್ದರೆ ಅದರ ಪ್ರಭಾವ ಕಿವಿಗೂ ತಟ್ಟಿರಬಹುದು.

ಒಳಗಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಸದ್ದನ್ನು ಸಂಕೇತವಾಗಿಸಿ ನರದ ಮೂಲಕ ಮಿದುಳಿಗೆ ಕಳಿಸುತ್ತವೆ. ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಹೆಚ್ಚಿದ್ದರೆ ಕಣ್ಣು, ಮೂತ್ರಪಿಂಡಗಳಲ್ಲಿ ಆಗುವಂತೆ ಇಲ್ಲಿನ ಕಿರು ರಕ್ತನಾಳಗಳೂ ನರಗಳೂ ಕೆಡಬಹುದು. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮಧುಮೇಹಿಗಳಲ್ಲಿ ಶ್ರವಣದೋಷ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಕಂಡುಬಂದಿತ್ತು.

ಸತ್ತ ರೋಮಕೋಶ ಮತ್ತೆ ಹುಟ್ಟದು. ಪಥ್ಯ, ನಡಿಗೆ, ಔಷಧಿಗಳಿಂದ ಸಕ್ಕರೆಯನ್ನು ಹತೋಟಿಯಲ್ಲಿಡುವುದೇ ಜಾಣತನ. ಶ್ರವಣ ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯೂ ಇಲ್ಲ. ಮಕ್ಕಳೇ, ಈ ಬದಲಾವಣೆ ಮೊದಲು ತಿಳಿಯುವುದು ಮನೆಯವರಿಗೆ. ಅಪ್ಪನನ್ನು ಪರೀಕ್ಷೆಗೆ ನೀವೇ ಹೊರಡಿಸಿ.