ತುರ್ತು ಕಾಲದ ಕುಡಿಯುವ ನೀರು: ಶೇಖರಣೆಯ ಸರಿಯಾದ ಕ್ರಮ

ಬರಗಾಲದಲ್ಲಿ ನೀರಿಗೆ ತತ್ವಾರವಾಗುವುದು ಎಲ್ಲರೂ ಬಲ್ಲ ಸಂಗತಿ. ನೆರೆ ಬಂದಾಗಲೂ ಕುಡಿಯುವ ನೀರಿಗೇ ಕೊರತೆಯಾಗುವುದುಂಟು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಜಲರೇಚಕ ಯಂತ್ರಾಗಾರಕ್ಕೆ, ಅಂದರೆ ಕಾವೇರಿ ನೀರನ್ನು ಮೇಲಕ್ಕೆತ್ತಿ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳುಹಿಸುವ ಪಂಪ್‌ಹೌಸಿಗೆ, ಮಳೆನೀರು ನುಗ್ಗಿದಾಗ, ನಗರದ ರಸ್ತೆಗಳು ಜಲಾವೃತವಾಗಿದ್ದರೂ ಹಲವು ಬಡಾವಣೆಗಳ ನಲ್ಲಿಗಳಲ್ಲಿ ನೀರಿರಲಿಲ್ಲ.

ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಎಂದು ಲೆಕ್ಕ ಹಿಡಿದರೆ, ನಾಲ್ವರ ಕುಟುಂಬಕ್ಕೆ ಮೂರು ದಿನಗಳಿಗೆ 48 ಲೀಟರ್ ಬೇಕಾಗುತ್ತದೆ. 25 ಲೀಟರಿನ ಎರಡು ಕ್ಯಾನುಗಳು ಇದಕ್ಕೆ ಸಾಕು. ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಅಥವಾ ಸ್ಟೀಲಿನ ಪಾತ್ರೆಯನ್ನೇ ಆರಿಸಬೇಕು. ಕೀಟನಾಶಕ, ಬಣ್ಣ ಮೊದಲಾದವು ಇದ್ದ ಡಬ್ಬಗಳನ್ನು ಎಷ್ಟು ತೊಳೆದರೂ ಬಳಸಕೂಡದು.

ಮನೆಗೆ ಬಂದಾಗ ಶುದ್ಧವಾಗಿದ್ದ ನೀರು ಬಹಳಷ್ಟು ಸಲ ಕೆಡುವುದು ಮನೆಯೊಳಗೇ. ಅಗಲ ಬಾಯಿಯ ಕೊಳಗಕ್ಕೆ ಲೋಟವನ್ನು ಅದ್ದಿದಾಗ ಬೆರಳುಗಳೂ ನೀರಿಗೆ ತಾಗಿ, ಕೈಯಲ್ಲಿದ್ದ ರೋಗಾಣುಗಳು ಇಡೀ ಪಾತ್ರೆಗೆ ಹರಡುತ್ತವೆ. ಕೋಲ್ಕತ್ತದ ಕೊಳೆಗೇರಿಗಳಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಿರಿದಾದ ಕತ್ತಿನ ಮಣ್ಣಿನ ಹೂಜಿಗಳನ್ನು ಬಳಸಿದ ಮನೆಗಳಲ್ಲಿ ಕಾಲರಾ ಸೋಂಕು ಗಣನೀಯವಾಗಿ ತಗ್ಗಿದ್ದು ಕಂಡುಬಂದಿತು. ಆದ್ದರಿಂದ ಬಿಗಿಯಾದ ಮುಚ್ಚಳವಿರುವ, ಕೈ ತೂರದಷ್ಟು ಸಣ್ಣ ಬಾಯಿಯ, ಸಾಧ್ಯವಾದರೆ ತಳದಲ್ಲಿ ನಲ್ಲಿಯಿರುವ ಪಾತ್ರೆಯೇ ಉತ್ತಮ.

ನೀರನ್ನು ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆಯಾದರೂ ಆರಿದ ಮೇಲೆ ಅದು ಮತ್ತೆ ಕಲುಷಿತವಾಗಬಹುದು. ಕ್ಲೋರಿನ್ ಬೆರೆಸಿದ ನೀರಿನಲ್ಲಾದರೋ ಅದರ ಒಂದಂಶ ಉಳಿದು ಮುಂದೆಯೂ ರಕ್ಷಣೆ ನೀಡುತ್ತದೆ. ಇದಕ್ಕೆ ಉಳಿಕೆ ಕ್ಲೋರಿನ್ ಎನ್ನುತ್ತಾರೆ. ಕ್ಲೋರಿನ್ ಬೆರೆಸಿದ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂಬುದು ಭಾರತೀಯ ಮಾನಕ. ರಾಡಿ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ, ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಕ್ಲೋರಿನ್ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಬೇಕು. ಕೀಟನಾಶಕ ಅಥವಾ ಫ್ಲೋರೈಡ್ ಬೆರೆತ ನೀರು ಕುದಿಸುವುದರಿಂದಾಗಲಿ ಕ್ಲೋರಿನ್‌ನಿಂದಾಗಲಿ ಶುದ್ಧವಾಗದು.

ತೆರೆದಿಟ್ಟ ತಿಳಿನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಪಾತ್ರೆಯ ಒಳಗೋಡೆಗೆ ಅಂಟಿದ ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಉಳಿಯುವುದರಿಂದ, ನಿತ್ಯ ಬಳಕೆಯ ಡ್ರಮ್ಮು, ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಬೇಕು. ಮುಚ್ಚಿಟ್ಟ ತುರ್ತು ಕ್ಯಾನುಗಳ ಮೇಲೆ ತುಂಬಿದ ದಿನಾಂಕ ಬರೆದು, ಬಿಸಿಲು ತಾಗದ ಕಡೆ ಇರಿಸಿ, ಆರು ತಿಂಗಳಿಗೊಮ್ಮೆ ನೀರು ಬದಲಿಸಬೇಕು. ಈ ಸಿದ್ಧತೆಯನ್ನು ಪ್ರತಿ ಮನೆಯವರೂ ಮಳೆಗಾಲಕ್ಕೆ ಮುನ್ನವೇ ಮುಗಿಸಿಕೊಳ್ಳುವುದು ಒಳ್ಳೆಯದು.