ಸರಪಳಿಯ ಗುಂಟೆ, ಉಪಗ್ರಹದ ಚೌಕ

ಮುಂಗಾರಿನಲ್ಲಿ ಕೊಟ್ಟೂರು, ಕೂಡ್ಲಿಗಿ ಕಡೆ ಬೆಳೆ ಸಮೀಕ್ಷೆಯ ಮಾತು ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆಯಿದು: “ಮ್ಯಾಲೆ ಉಪಗ್ರಹ ಐತಿ ಅಂತೀರಲ್ರಿ, ಅಲ್ಲಿಂದ ನೋಡಿದ್ರ ನನ್ನ ಹೊಲದಾಗ ಶೇಂಗಾ ಐತೋ ಮೆಕ್ಕೆಜೋಳ ಐತೋ ಗೊತ್ತಾಕೈತೇನು? ಗೊತ್ತಾಗೋದಾದ್ರ ನಾ ಯಾಕ ಬಿಸಿಲಾಗ ನಿಂತು ಫೋಟೊ ತೆಗೀಬೇಕು?”

ಕೇಳಬೇಕಾದ ಪ್ರಶ್ನೆಯೇ ಇದು. ನಕ್ಷೆ, ಉಪಗ್ರಹ ಚಿತ್ರ, ಜಿಪಿಎಸ್‌ಗಳನ್ನು ನಂಬಿ ಬೆಳೆದಿರುವ ಇಡೀ ಭೂಮಾಹಿತಿ ಉದ್ಯಮವನ್ನು ಕೃತಕ ಬುದ್ಧಿಮತ್ತೆ ಈಗ ಬುಡಮೇಲು ಮಾಡುತ್ತಿದೆ. ಹಾಗಿದ್ದೂ ರೈತ ಯಾಕೆ ಬಿಸಿಲಿನಲ್ಲಿ ನಿಲ್ಲಬೇಕು ಎಂಬುದಕ್ಕೆ ಉತ್ತರ ಬೇಕಾದರೆ ಮೊದಲು ಒಂದು ಸರಪಳಿಯ ಕಥೆ ಕೇಳಬೇಕು.

ಈ ಊರುಗಳಿದ್ದ ಬಳ್ಳಾರಿ ಸೀಮೆಯನ್ನು ಹೈದರಾಬಾದಿನ ನಿಜಾಮ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೀಗೆ ಕೈಬದಲಾದ ಜಿಲ್ಲೆಗಳಿಗೆ ಮುಖ್ಯ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೊ. ಕಂದಾಯ ನಿಗದಿ ಮಾಡಬೇಕಾದರೆ ಹೊಲ ಎಷ್ಟಿದೆ ಎಂದು ಮೊದಲು ತಿಳಿಯಬೇಕಿತ್ತು. 1802ರಲ್ಲಿ ಕಚೇರಿಯ ನಾಲ್ಕೇ ಮಂದಿ ಗುಮಾಸ್ತರಿಂದ ಅಳತೆ ಆರಂಭವಾಯಿತು. ಅವರಿಂದ ಕಲಿತವರು ಇನ್ನಷ್ಟು ಜನರಿಗೆ ಕಲಿಸಿದರು. ಹೊಲ, ಬೀಳು, ದಾರಿ, ಕೆರೆಯಂಗಳ, ಊರಿನ ನಿವೇಶನ, ಎಲ್ಲವೂ ಒಂದೇ ಅಳತೆಗೆ ಸಿಕ್ಕವು. ಆ ಅಳತೆಯೇ 33 ಅಡಿಯ ಸರಪಳಿ. ಸರಪಳಿ ಉದ್ದ, ಸರಪಳಿ ಅಗಲದ ಚೌಕಗಳು ನಲವತ್ತು ಸೇರಿದರೆ ಒಂದು ಎಕರೆ. ಅಂಥ ಒಂದು ಚೌಕವನ್ನು ಕನ್ನಡನಾಡು ಇವತ್ತಿಗೂ ಗುಂಟೆ ಎಂದೇ ಕರೆಯುತ್ತದೆ. ಮದ್ರಾಸ್ ಪ್ರಾಂತ್ಯದ ಸಹವಾಸದಿಂದ ಬಳ್ಳಾರಿ ಕಡೆಯ ಪಹಣಿಗಳಲ್ಲಿ ಸೆಂಟ್ಸ್ ಲೆಕ್ಕ ಉಳಿದಿದ್ದರೂ ಗುಂಟೆ ಯಾರಿಗೂ ಅಪರಿಚಿತವಲ್ಲ.

33 ಅಡಿ ಎಂದರೆ 10.06 ಮೀಟರ್. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2015ರಿಂದ ಹಾರಿಸುತ್ತಿರುವ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಅತಿ ಸಣ್ಣ ಚೌಕದ, ಅಂದರೆ ಒಂದು ಪಿಕ್ಸೆಲ್‌ನ, ಅಳತೆ 10 ಮೀಟರ್. ಮನ್ರೊನ ಜನ ಸರಪಳಿ ಎಳೆದು ಗುರುತಿಸಿದ ಚೌಕವೂ ಸುಮಾರು 786 ಕಿಲೋಮೀಟರ್ ಎತ್ತರದಿಂದ ಉಪಗ್ರಹ ಕಾಣುವ ಚೌಕವೂ ಹೆಚ್ಚುಕಡಿಮೆ ಒಂದೇ! ಇದು ಬರೀ ಕಾಕತಾಳೀಯ, ಆದರೆ ಎಂಥ ಉಪಕಾರಿ ಕಾಕತಾಳೀಯ. ಉಪಗ್ರಹ ಚಿತ್ರವನ್ನು ಅರ್ಥ ಮಾಡಿಕೊಳ್ಳಲು ಈ ಭಾಗದ ರೈತ ಹೊಸ ಮಾನ ಕಲಿಯಬೇಕಿಲ್ಲ. ಎಕರೆಗೆ ನಲವತ್ತು ಗುಂಟೆ, ಎಕರೆಗೆ ನಲವತ್ತು ಪಿಕ್ಸೆಲ್.

ಭಾರತದ ಮೊದಲ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಕಕ್ಷೆ ಸೇರಿದಾಗ ಅದರ ಒಂದು ಕ್ಯಾಮೆರಾದ ಚೌಕ 72.5 ಮೀಟರ್ ಇತ್ತು, ಅಂದರೆ ಎಕರೆಗಿಂತಲೂ ದೊಡ್ಡದು. ಹೂವಿನಹಡಗಲಿಯ ಮಲ್ಲಿಗೆ ತೋಟ ಅಂಥ ಚೌಕದೊಳಗೆ ಕರಗಿಯೇ ಹೋಗುತ್ತಿತ್ತು. ಈಗಲೂ ಅಂಥ ತೋಟವನ್ನು ಗುರುತಿಸುವುದು ಸುಲಭದ ಕೆಲಸವಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯ ಅರ್ಧ ಎಕರೆ ತೋಟವೊಂದನ್ನು ತೆಗೆದುಕೊಳ್ಳಿ. ಅದು ಸರಿಯಾದ ಚೌಕವಾಗಿದ್ದರೆ ಒಂದೊಂದು ಬದಿ 45 ಮೀಟರ್. ಬದು, ದಾರಿ, ಪಕ್ಕದ ಹೊಲ ಸೇರಿಕೊಂಡ ಅಂಚಿನ ಚೌಕಗಳನ್ನು ಬಿಟ್ಟರೆ ಅಪ್ಪಟ ಮಲ್ಲಿಗೆಯೇ ಇರುವ ಪಿಕ್ಸೆಲ್‌ಗಳು ಹನ್ನೆರಡರ ಆಸುಪಾಸು ಉಳಿಯುತ್ತವೆ. ಆ ಹನ್ನೆರಡನ್ನು ನೋಡಿಯೇ ಯಂತ್ರ “ಮಲ್ಲಿಗೆ” ಎನ್ನಬೇಕು.

ಹೇಗೆ ಎನ್ನುತ್ತದೆ? ಒಂದು ಚಿತ್ರ ನೋಡಿ ಹೇಳಲಾಗದು. ಜುಲೈ ಕೊನೆಯಲ್ಲಿ ಶೇಂಗಾ, ಮೆಕ್ಕೆಜೋಳ, ಬೀಳುನೆಲದ ಕಳೆ, ಎಲ್ಲವೂ ಮೇಲಿನಿಂದ ಹಸಿರೇ. ಇಲ್ಲಿ ಯಂತ್ರ ಮಾಡುವುದು ನಾಡಿ ಹಿಡಿಯುವ ವೈದ್ಯರ ಕೆಲಸ. ನಾಡಿಯ ಒಂದು ಬಡಿತದಿಂದ ಏನೂ ತಿಳಿಯದು, ಬಡಿತಗಳ ಸಾಲಿನಿಂದ ತಿಳಿಯುತ್ತದೆ. ಎಲೆಯ ಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಎಲೆ ಹಿಂದಕ್ಕೆ ಎರಚುತ್ತದೆ. ಈ ಎರಡರ ಲೆಕ್ಕ ಹಾಕಿದರೆ ಆ ಗುಂಟೆಯಲ್ಲಿ ಎಷ್ಟು ಹಸಿರಿದೆ ಎಂಬುದಕ್ಕೆ ಒಂದು ಅಂಕಿ ಸಿಗುತ್ತದೆ. ಐದೈದು ದಿನಕ್ಕೊಮ್ಮೆ ಆ ಅಂಕಿಯನ್ನು ಗುರುತಿಸುತ್ತ ಹೋದರೆ ಹೊಲದ ನಾಡಿ ಮೂಡುತ್ತದೆ. ಮೆಕ್ಕೆಜೋಳ ಸರ್ರನೆ ಏರಿ, ತೆನೆ ಒಣಗುತ್ತಿದ್ದಂತೆ ಇಳಿಯುತ್ತದೆ. ತೊಗರಿ ನಿಧಾನಕ್ಕೆ ಏರಿ ಚಳಿಗಾಲದವರೆಗೂ ನಿಲ್ಲುತ್ತದೆ. ಬೀಳುನೆಲದ ಹುಲ್ಲು ಮಳೆ ಬಂದಾಗ ಚಿಗುರಿ, ಬಿಟ್ಟಾಗ ಬಾಡುತ್ತದೆ. ಮೋಡ ಮುಚ್ಚಿದ ದಿನ ನಾಡಿ ತಪ್ಪುತ್ತದೆ. ಆಗ ಕೈಹಿಡಿಯುವುದು ಮೋಡವನ್ನು ತೂರಿ ಬರುವ ರೇಡಾರ್. ನೆಲಕ್ಕೆ ಹಬ್ಬಿದ ಶೇಂಗಾ ಬಳ್ಳಿಯೂ ಆಳೆತ್ತರದ ಮೆಕ್ಕೆಜೋಳದ ದಂಟೂ ರೇಡಾರ್ ಅಲೆಯನ್ನು ಬೇರೆ ಬೇರೆ ರೀತಿ ಮರಳಿಸುತ್ತವೆ. 2022ರಲ್ಲಿ ಇಸ್ರೊ ಹಾರಿಸಿದ ಇಒಎಸ್-04, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೊರಟ ನಾಸಾ–ಇಸ್ರೊ ಜಂಟಿ ಉಪಗ್ರಹ ನಿಸಾರ್, ಎರಡೂ ಇದೇ ಬಗೆಯವು.

ಹೀಗೆ ಕೋಟ್ಯಂತರ ಗುಂಟೆಗಳ ನಾಡಿಯನ್ನು ಮನುಷ್ಯರು ಕೂತು ನೋಡಲಾಗದು. ಎಐ ಒಳಬಂದದ್ದು ಇಲ್ಲೇ. ಮೊದಲೆಲ್ಲ ಒಂದೊಂದು ಕೆಲಸಕ್ಕೂ ಒಂದೊಂದು ಮಾದರಿಯನ್ನು ಹೊಸದಾಗಿ ಕಲಿಸಬೇಕಿತ್ತು: ಕೆರೆಗೊಂದು, ರಸ್ತೆಗೊಂದು, ಭತ್ತಕ್ಕೊಂದು. 2023ರಲ್ಲಿ ನಾಸಾ ಮತ್ತು ಐಬಿಎಂ ಸೇರಿ ಬಿಡುಗಡೆ ಮಾಡಿದ ಮಾದರಿ ಬೇರೆ ದಾರಿ ಹಿಡಿಯಿತು. ಅದರ ಹೆಸರು ಪೃಥ್ವಿ. ಅದಕ್ಕೆ ಉಪಗ್ರಹ ಚಿತ್ರಗಳ ಅಲ್ಲಲ್ಲಿನ ತುಂಡುಗಳನ್ನು ಮುಚ್ಚಿ, ಅಲ್ಲೇನಿತ್ತು ಹೇಳು ಎಂದು ಮತ್ತೆ ಮತ್ತೆ ಕೇಳಲಾಯಿತು. ಅಂಗಳದ ರಂಗೋಲಿಯ ಒಂದು ಮೂಲೆಯನ್ನು ಯಾರೋ ತುಳಿದು ಅಳಿಸಿದರೆ ಚುಕ್ಕಿಯ ಲೆಕ್ಕ ಬಲ್ಲ ಹುಡುಗಿ ಉಳಿದ ಎಳೆಗಳನ್ನು ನೋಡಿಯೇ ತಿದ್ದುತ್ತಾಳಲ್ಲ, ಹಾಗೆ. ಯಾರೂ ಹೆಸರು ಹೇಳಿಕೊಡದೆಯೇ ನೆಲದ ಮೇಲೆ ಯಾವುದರ ಪಕ್ಕ ಯಾವುದಿರುತ್ತದೆ, ಯಾವ ಋತುವಿನ ನಂತರ ಯಾವ ಬಣ್ಣ ಬರುತ್ತದೆ ಎಂಬ ಅರಿವು ಯಂತ್ರಕ್ಕೆ ಹೀಗೆ ಕೂಡಿಬರುತ್ತದೆ.

2025ರ ಜುಲೈನಲ್ಲಿ ಗೂಗಲ್ ಡೀಪ್‌ಮೈಂಡ್ ಪ್ರಕಟಿಸಿದ ಆಲ್ಫಾಅರ್ಥ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಹತ್ತು ಮೀಟರಿನ ಪ್ರತಿ ಚೌಕದ ಒಂದು ವರ್ಷದ ಬಾಳನ್ನು ಅದು 64 ಅಂಕಿಗಳಲ್ಲಿ ಹಿಡಿದಿಡುತ್ತದೆ. ನಮ್ಮ ಲೆಕ್ಕದಲ್ಲಿ ಗುಂಟೆಗೆ 64 ಅಂಕಿ. ಆ ಅಂಕಿಗಳು ಹೋಲುವ ಎರಡು ಗುಂಟೆಗಳ ಸ್ವಭಾವವೂ ಹೋಲುತ್ತದೆ. ಹರಪನಹಳ್ಳಿಯ ನೂರು ಕಡೆ ಇದು ಮೆಕ್ಕೆಜೋಳ ಎಂದು ತೋರಿಸಿಕೊಟ್ಟರೆ ಉಳಿದ ಕಡೆ ಅದೇ ಹುಡುಕಬಲ್ಲದು. ಹಿಂದೆ ಇಂಥ ನಕ್ಷೆಗೆ ಪರಿಣತರ ತಂಡ ತಿಂಗಳುಗಟ್ಟಲೆ ದುಡಿಯಬೇಕಿತ್ತು.

ಉದ್ಯಮ ಬದಲಾಗಿರುವುದು ಇಲ್ಲಿಯೇ ಕಣ್ಣಿಗೆ ಹೊಡೆಯುತ್ತದೆ. ಭೂಮಾಹಿತಿ (ಜಿಐಎಸ್) ಕಂಪನಿಗಳಲ್ಲಿ ಬಹುಕಾಲ ಕೆಲಸವೆಂದರೆ ಚಿತ್ರದ ಮೇಲೆ ಮೌಸ್ ಹಿಡಿದು ಮನೆ, ರಸ್ತೆ, ಬದುಗಳ ಗೆರೆ ಎಳೆಯುವುದು. 2021ರಲ್ಲಿ ಗೂಗಲ್ ಓಪನ್ ಬಿಲ್ಡಿಂಗ್ಸ್ ಎಂಬ ಸಂಗ್ರಹವನ್ನು ಹೊರತಂದಾಗ ಆಫ್ರಿಕಾದ 50 ಕೋಟಿಗೂ ಹೆಚ್ಚು ಕಟ್ಟಡಗಳ ಗೆರೆಗಳನ್ನು ಯಂತ್ರವೇ ಎಳೆದಿತ್ತು. ಭಾರತದ ಹೊಲಗಳ ಅಂಚು ಗುರುತಿಸುವ ಮಾದರಿಯನ್ನು ಅದೇ ಸಂಸ್ಥೆ 2024ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿತು. ಗೆರೆ ಎಳೆಯುತ್ತಿದ್ದವರ ಕೈಗೆ ಈಗ ಬಂದಿರುವುದು ಯಂತ್ರಕ್ಕೆ ಉದಾಹರಣೆ ಗುರುತಿಸಿಕೊಡುವ ಕೆಲಸ, ಯಂತ್ರ ಎಳೆದದ್ದನ್ನು ತಿದ್ದುವ ಕೆಲಸ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಮೇಲಿನ ಹಳೆಯ ಪರವಾನಗಿ ಕಟ್ಟುಪಾಡುಗಳನ್ನು ಸಡಿಲಿಸಿದ ಮೇಲೆ ದೇಶಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಬೆಂಗಳೂರಿನ ಸ್ಯಾಟ್‌ಶ್ಯೂರ್ ಉಪಗ್ರಹ ಮಾಹಿತಿಯಿಂದ ಹೊಲಗಳ ಸ್ಥಿತಿ ಅಳೆದು ಬ್ಯಾಂಕುಗಳಿಗೆ ಕೊಡುತ್ತಿದೆ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹಮದ್ ಗೆಳೆಯನೊಂದಿಗೆ ಕಟ್ಟಿದ ಪಿಕ್ಸೆಲ್ (Pixxel) ಎಂಬ ಕಂಪನಿಯ ಮೊದಲ ಮೂರು ಫೈರ್‌ಫ್ಲೈ ಉಪಗ್ರಹಗಳು 2025ರ ಜನವರಿಯಲ್ಲಿ ಕಕ್ಷೆ ಸೇರಿದವು. ಬೆಳಕನ್ನು ನೂರಕ್ಕೂ ಹೆಚ್ಚು ಪಟ್ಟಿಗಳಾಗಿ ಸೀಳಿ ನೋಡುವ ಈ ಕ್ಯಾಮೆರಾಗಳ ಚೌಕ ಐದು ಮೀಟರ್, ಅಂದರೆ ಕಾಲು ಗುಂಟೆ.

ಇಷ್ಟಾದ ಮೇಲೂ ಯಂತ್ರ ಎಡವುವ ಜಾಗಗಳಿವೆ. ಅವು ಈ ಸೀಮೆಯ ತಾಲ್ಲೂಕುಗಳಲ್ಲಿ ಧಾರಾಳವಾಗಿವೆ.

ಒಂದು, ಬಳ್ಳಾರಿ ಜಾಲಿ. ಕೆರೆಯಂಗಳ, ಹಳ್ಳದ ದಂಡೆ, ಬೀಳುಬಿದ್ದ ಹೊಲ, ಎಲ್ಲೆಂದರಲ್ಲಿ ಹಬ್ಬಿದ ಈ ಮುಳ್ಳುಗಿಡ ಬೇಸಿಗೆಯಲ್ಲೂ ಹಸಿರು. ಏಪ್ರಿಲ್‌ನಲ್ಲಿ ಸುತ್ತೆಲ್ಲ ಕೆಂಪುಮಣ್ಣು ಬಿರಿದಿರುವಾಗ ಹಸಿರು ಕಂಡರೆ ಅದನ್ನು ನೀರಾವರಿ ತೋಟವೆಂದು ಯಂತ್ರ ಎಣಿಸಬಹುದು. ಎರಡು, ನೀರೊಳಗಿನ ಮರ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎಂದು 2024ರ ಜನವರಿಯಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 98.76 ಹೆಕ್ಟೇರ್, ಎಂದರೆ ಒಂಬತ್ತು ಸಾವಿರದ ಎಂಟುನೂರಕ್ಕೂ ಹೆಚ್ಚು ಪಿಕ್ಸೆಲ್. ಕೆರೆಯ ನೀರಲ್ಲೇ ನಿಂತ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಕೊಂಬೆ ಹರಡಿದ ಕಡೆ ಮೇಲಿನಿಂದ ಕಾಣುವುದು ಮರ, ನೀರು ಕೆಳಗೆ. ಅದು ಕೆರೆಯೋ ತೋಪೋ? ಮೂರು, ಮಣ್ಣಿನ ಮಾಳಿಗೆ. ಸುತ್ತಲ ನೆಲದ ಬಣ್ಣವೇ ಇರುವ ಮಾಳಿಗೆ ಮನೆಯ ಅಂಚು ಉಪಗ್ರಹ ಚಿತ್ರದಲ್ಲಿ ಸುಲಭಕ್ಕೆ ಬಿಡಿಸಿಕೊಳ್ಳದು. ಊರೊಳಗಿನ ಆಸ್ತಿ ಅಳೆಯುವ ಸ್ವಾಮಿತ್ವ ಯೋಜನೆಯ ಡ್ರೋನ್ ಹಾರುವ ಮೊದಲು ಊರವರು ತಮ್ಮ ಜಾಗದ ಸುತ್ತ ಸುಣ್ಣದ ಪುಡಿಯ ಗೆರೆ ಹಾಕಿಕೊಳ್ಳುವುದು ಇದಕ್ಕೇ. ನೆಲದ ಬಣ್ಣವನ್ನು ಡ್ರೋನ್ ನೋಡುತ್ತದೆ, ಆದರೆ ಯಾರ ಹಿತ್ತಿಲು ಎಲ್ಲಿಗೆ ಮುಗಿಯುತ್ತದೆ ಎಂಬುದು ನೆಲದ ಬಣ್ಣದಲ್ಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಅಕ್ಕಡಿ. ಕೂಡ್ಲಿಗಿ ಕಡೆಯ ಕೆಂಪು ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಶೇಂಗಾದ ಕೆಲವು ಸಾಲು, ನಡುವೆ ಒಂದು ಸಾಲು ತೊಗರಿ, ಮತ್ತೆ ಶೇಂಗಾ. ಒಂದು ಗುಂಟೆಯೊಳಗೇ ಎರಡು ನಾಡಿ. ದೊಡ್ಡ ಬಯಲುಗಳಲ್ಲಿ ಒಂದೇ ಬೆಳೆ ಬೆಳೆಯುವ ನಾಡುಗಳ ಚಿತ್ರ ನೋಡಿ ಕಲಿತ ಯಂತ್ರಕ್ಕೆ ಇದು ಒಂದು ಬೆಳೆಯಂತೆಯೇ ಕಾಣುತ್ತದೆ, ಹೆಸರು ಮಾತ್ರ ತಪ್ಪಾಗುತ್ತದೆ.

ಕಟ್ಟೆಯ ಪ್ರಶ್ನೆಗೆ ಉತ್ತರ ಈಗ ಹೇಳಬಹುದು. ರೈತ ಬಿಸಿಲಿನಲ್ಲಿ ನಿಂತು ತೆಗೆಯುವ ಫೋಟೊದಂಥದ್ದೇ ಯಂತ್ರಕ್ಕೆ ಪಾಠ. ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ಆ್ಯಪ್ ಹಿಡಿದು ತಮ್ಮ ಬೆಳೆ ದಾಖಲಿಸುತ್ತಿದ್ದಾರೆ. ಅದಕ್ಕೂ ಮೊದಲಿನಿಂದ ಪಿ.ಆರ್.ಗಳೆಂಬ ಊರಿನ ಯುವಕರು ಸರ್ವೆ ನಂಬರ್ ಹಿಡಿದು ಹೊಲ ಹೊಲ ಸುತ್ತಿದ್ದಾರೆ. ಹೊಲದ ನಕ್ಷೆ, ನಿಂತ ಜಾಗದ ಜಿಪಿಎಸ್, ಬೆಳೆಯ ಹೆಸರು, ಫೋಟೊ, ಇವೆಲ್ಲ ಒಂದೆಡೆ ಸೇರಿದ ಇಂಥ ದಾಖಲೆ ಉಪಗ್ರಹ ಕಂಪನಿಗಳು ಹಣ ಕೊಟ್ಟರೂ ಸುಲಭಕ್ಕೆ ಹುಟ್ಟದ ಸಂಪತ್ತು. ಜಾಹೀರಾತುಗಳು ಆಕಾಶದ ಕಣ್ಣಿನ ಬಗ್ಗೆ ಎಷ್ಟೇ ಹೇಳಲಿ, ಶೇಂಗಾ ಎಂಬ ಹೆಸರು ಕಟ್ಟಕಡೆಗೆ ಬರುವುದು ಹೊಲದಿಂದಲೇ.

ಮನ್ರೊನ ಸರ್ವೆಯಲ್ಲೂ ಇಂಥದ್ದೇ ಒಂದು ವಿವೇಕವಿತ್ತು. ಅಳೆಯುವವರಿಗೆ ಎಕರೆ ಲೆಕ್ಕದಲ್ಲಿ ಕೂಲಿ, ಅವರ ಅಳತೆಯನ್ನು ಪರೀಕ್ಷಿಸುವವರಿಗೆ ತಿಂಗಳ ಸಂಬಳ. ತಪಾಸಣೆಯಲ್ಲಿ ಅವಸರ ಇರಬಾರದೆಂಬ ಎಚ್ಚರ ಅದು. ದಿನಕ್ಕೆ ಲಕ್ಷಾಂತರ ಹೊಲಗಳಿಗೆ ಬೆಳೆಯ ಹೆಸರಿಡುವ ಯಂತ್ರಕ್ಕೆ ಅಂಥ ಪರೀಕ್ಷಕರು ಈಗ ಇನ್ನೂ ಹೆಚ್ಚು ಬೇಕು. ಏಕೆಂದರೆ ಲೆಕ್ಕ ಹಣಕ್ಕೆ ಮುಟ್ಟುತ್ತಿದೆ. ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿನಲ್ಲಿ ಕನಿಷ್ಠ ಶೇ 30ರಷ್ಟು ತೂಕವನ್ನು ಉಪಗ್ರಹ ಆಧಾರಿತ ತಂತ್ರಜ್ಞಾನಕ್ಕೆ ಕೊಡಲಾಗಿದೆ. ಉಳಿದದ್ದು ಹೊಲದಲ್ಲಿ ಚೌಕ ಹಾಕಿ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗಕ್ಕೆ. ಪರಿಹಾರ, ಬೆಂಬಲ ಬೆಲೆಯ ಖರೀದಿ, ವಿಮೆ, ಎಲ್ಲಕ್ಕೂ ಬೆಳೆ ಸಮೀಕ್ಷೆಯ ದಾಖಲೆಯೇ ಆಧಾರವಾಗುತ್ತಿರುವಾಗ ತಪ್ಪು ಹೆಸರು ಬಿದ್ದ ಗುಂಟೆಯ ಹಿಂದೆ ಒಂದು ಮನೆಯ ವರ್ಷದ ದುಡಿಮೆ ಇರುತ್ತದೆ. ತನ್ನ ಹೊಲಕ್ಕೆ ಯಾವ ಬೆಳೆ ದಾಖಲಾಗಿದೆ ಎಂದು ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸುವ ಅವಕಾಶ ರೈತನಿಗಿದೆ. ಸಲ್ಲಿಸಲೇಬೇಕು.

ಅಕ್ಕಡಿ ಹೊಲದವರು ಇನ್ನೊಂದು ಕೆಲಸ ಮಾಡಬಹುದು. ಫೋಟೊ ತೆಗೆಯುವಾಗ ಬದುವಿನಿಂದ ನಾಲ್ಕು ಹೆಜ್ಜೆ ಒಳಗೆ ಹೋಗಿ, ಶೇಂಗಾ ಮತ್ತು ತೊಗರಿ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ನಿಂತು, ಎರಡೂ ಹೆಸರನ್ನು ನಮೂದಿಸುವುದು. ಶೇಂಗಾ ಕಿತ್ತು ಒಕ್ಕಣೆ ಮುಗಿದ ಮೇಲೂ ಆ ಹೊಲದಲ್ಲಿ ತೊಗರಿ ಸಾಲು ಹಳದಿ ಹೂ ಬಿಟ್ಟು ನಿಂತಿರುತ್ತದೆ. ನವೆಂಬರಿನ ತಿಳಿಯಾದ ಆಕಾಶದಲ್ಲಿ ಉಪಗ್ರಹ ಐದೈದು ದಿನಕ್ಕೊಮ್ಮೆ ಅದರ ಮೇಲೆ ಹಾಯ್ದುಹೋಗುತ್ತದೆ. ಆಗಸ್ಟ್‌ನಲ್ಲೇ ಯಾರೋ ತೊಗರಿಯ ಹೆಸರು ಬರೆದಿಟ್ಟಿದ್ದರೆ, ಇಳಿಯಬೇಕಿದ್ದ ನಾಡಿ ಯಾಕೆ ಇನ್ನೂ ಮಿಡಿಯುತ್ತಿದೆ ಎಂಬುದು ಆಗ ಯಂತ್ರಕ್ಕೆ ತಿಳಿಯುತ್ತದೆ.