ನಿಮಗಿದು ಗೊತ್ತೆ? ಗುಂಡೇಟು ತಿಂದ ಯೋಧನ ಚಿನ್ನದ ಈಜು

ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದುಕೊಟ್ಟವರು ಯುದ್ಧದಲ್ಲಿ ಗಾಯಗೊಂಡ ಯೋಧ ಮುರಳೀಕಾಂತ್ ಪೇಟ್ಕರ್.

* ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯವರಾದ ಪೇಟ್ಕರ್ ಸೇನೆಯಲ್ಲಿ ಬಾಕ್ಸರ್ ಆಗಿ ಹೆಸರು ಮಾಡಿದ್ದರು. 1965ರ ಭಾರತ–ಪಾಕ್ ಯುದ್ಧದಲ್ಲಿ ಹಲವು ಗುಂಡುಗಳು ದೇಹ ಹೊಕ್ಕು, ಸೊಂಟದ ಕೆಳಗೆ ಸ್ವಾಧೀನ ತಪ್ಪಿತು.

* ಚಿಕಿತ್ಸೆಯ ಭಾಗವಾಗಿ ನೀರಿಗಿಳಿದವರು ಈಜನ್ನೇ ಬದುಕಾಗಿಸಿಕೊಂಡರು. ಟೇಬಲ್ ಟೆನಿಸ್, ಜಾವೆಲಿನ್ ಎಸೆತದಲ್ಲೂ ಪಳಗಿದರು.

* 1972ರಲ್ಲಿ ಪಶ್ಚಿಮ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತದ ಮೊದಲ ವೈಯಕ್ತಿಕ ಚಿನ್ನ ಗೆದ್ದದ್ದು ಇದಾದ 36 ವರ್ಷಗಳ ನಂತರ, 2008ರಲ್ಲಿ.

* ಪೇಟ್ಕರ್ ಅವರಿಗೆ ಪದ್ಮಶ್ರೀ ಸಂದದ್ದು 2018ರಲ್ಲಿ. ಅವರ ಬದುಕನ್ನು ಆಧರಿಸಿದ ಹಿಂದಿ ಚಿತ್ರ ‘ಚಂದು ಚಾಂಪಿಯನ್’ 2024ರಲ್ಲಿ ತೆರೆಕಂಡಿತು.

* ಪ್ಯಾರಾಲಿಂಪಿಕ್ಸ್‌ನ ಮೂಲವೂ ಗಾಯಾಳು ಯೋಧರೇ. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಏರ್ಪಡಿಸಿದ ಬಿಲ್ಲುಗಾರಿಕೆ ಸ್ಪರ್ಧೆಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಪಾಲ್ಗೊಂಡಿದ್ದರು. ಇಂದು ಸಾವಿರಾರು ಅಂಗವಿಕಲ ಕ್ರೀಡಾಪಟುಗಳಿಗೆ ತೆರೆದಿರುವ ದಾರಿ ಇವರೆಲ್ಲ ಹಾಕಿಕೊಟ್ಟದ್ದು.